ಕೆಸರಿನಲ್ಲಿ ಒಂದೇ ಚಕ್ರ ಸುತ್ತುತ್ತಿದ್ದರೆ: ಪಿಕಪ್‌ನ ಎಲ್‌ಎಸ್‌ಡಿ ದೋಷ ನಿವಾರಣೆ ಕೈಪಿಡಿ

ಆರಿದ್ರಾ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಬಾಳೂರು, ಕೊಟ್ಟಿಗೆಹಾರದ ಸುತ್ತಿನ ತೋಟದ ರಸ್ತೆಗಳಲ್ಲಿ ಪಿಕಪ್ ಓಡಿಸುವವರು ಎಲ್ಲಾದರೊಂದು ಏರಿನಲ್ಲಿ ಸಿಕ್ಕಿಕೊಳ್ಳುವುದು ತಪ್ಪುವುದಿಲ್ಲ. ಹಿಂದಿನ ಎಡ ಚಕ್ರ ಕೆಸರೆರಚುತ್ತ ಸುತ್ತುತ್ತದೆ, ಬಲ ಚಕ್ರ ಗಟ್ಟಿ ಜಂಬಿಟ್ಟಿಗೆಯ ಮೇಲೆ ನಿಂತಿದ್ದರೂ ಅಲುಗುವುದಿಲ್ಲ. ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರ್ ಜೋಡಣೆಗೆ ಡಿಫರೆನ್ಶಿಯಲ್ ಎಂದು ಹೆಸರು. ಒಂದೇ ಚಕ್ರ ಜಾರಿ ಸುತ್ತುವುದಕ್ಕೆ ಮಿತಿ ಹಾಕುವ ಅದರ ಬಗೆಯಾದ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಅಂದರೆ ಎಲ್‌ಎಸ್‌ಡಿ, ಇದೆ ಎಂಬ ಭರವಸೆಯಿಂದಲೇ ಆ ಗಾಡಿ ಕೊಂಡಿದ್ದವರಿಗೆ ಆಗ "ಎಲ್‌ಎಸ್‌ಡಿ ಹೋಗಿದೆ, ಕ್ರೌನ್ ಬಿಚ್ಚಬೇಕು" ಎಂಬ ಸಲಹೆ ಬಹಳ ಬೇಗ ಸಿಗುತ್ತದೆ. ಕ್ರೌನ್ ಎಂದರೆ ಡಿಫರೆನ್ಶಿಯಲ್‌ನ ದೊಡ್ಡ ಹಲ್ಲುಚಕ್ರ. ಅದನ್ನು ಮುಚ್ಚಿರುವ ಪೆಟ್ಟಿಗೆಯನ್ನು, ಅಂದರೆ ಹೌಸಿಂಗನ್ನು, ಬಿಚ್ಚುವುದು ದುಬಾರಿ ಕೆಲಸ. ಸರಿಯಾದ ಅಳತೆಯ ಉಪಕರಣಗಳಿಲ್ಲದೆ ಬಿಚ್ಚಿ ಜೋಡಿಸಿದರೆ ಮೊದಲು ಇಲ್ಲದಿದ್ದ ಸದ್ದು ಹೊಸದಾಗಿ ಹುಟ್ಟುತ್ತದೆ. ನಾನು ಕಂಡ ಹೆಚ್ಚಿನ ಗಾಡಿಗಳಲ್ಲಿ ಕಾರಣ ಸಿಕ್ಕಿದ್ದು ಟೈರು, ಹೇರು, ಎಣ್ಣೆ ಈ ಮೂರರಲ್ಲಿ. ಆದ್ದರಿಂದ ಈ ಬರಹ ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭವಾಗಿ ಹೌಸಿಂಗ್ ಬಿಚ್ಚುವುದನ್ನು ಕಟ್ಟಕಡೆಗೆ ಇಡುತ್ತದೆ.

ಕೈ ಹಚ್ಚುವ ಮೊದಲು: ಜೀವಕ್ಕೆ ಸಂಬಂಧಿಸಿದ ಎರಡು ಮಾತು

ಎಲ್‌ಎಸ್‌ಡಿ ಇರುವ ಗಾಡಿಯ ಹಿಂದಿನ ಒಂದೇ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. ಸಾಮಾನ್ಯ ಡಿಫರೆನ್ಶಿಯಲ್‌ನಲ್ಲಿ ಎತ್ತಿದ ಚಕ್ರ ಮಾತ್ರ ಸುತ್ತಬಹುದು. ಎಲ್‌ಎಸ್‌ಡಿಯಲ್ಲಿ ನೆಲದ ಮೇಲಿರುವ ಚಕ್ರಕ್ಕೂ ಬಲ ಹೋಗುವುದರಿಂದ ಗಾಡಿ ಜಾಕಿಯನ್ನು ಕೆಡವಿಕೊಂಡು ಮುಂದಕ್ಕೆ ನುಗ್ಗುತ್ತದೆ. ಈ ಬರಹದಲ್ಲಿ ಚಕ್ರ ಎತ್ತುವ ಪರೀಕ್ಷೆಗಳೆಲ್ಲ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸಮತಟ್ಟು ನೆಲದಲ್ಲಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಆಕ್ಸಲ್‌ನ ಕೆಳಗೆ ಸ್ಟ್ಯಾಂಡ್ ಇಟ್ಟು ಮಾಡಬೇಕಾದವು. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬಾರದು.

ಎರಡನೆಯದು, ಸುತ್ತುವ ಚಕ್ರದ ಹಿಂದೆ ಯಾರೂ ನಿಲ್ಲಬಾರದು. ಹೂತ ಗಾಡಿಯನ್ನು ತಳ್ಳಲು ನಾಲ್ಕು ಜನ ಹಿಂದೆ ಸೇರುವುದು, ಒಬ್ಬರು ಚಕ್ರದಡಿಗೆ ಕಲ್ಲು ತೂರಿಸುವುದು ನಮ್ಮಲ್ಲಿ ರೂಢಿ. ಒಂದು ಚಕ್ರ ನಿಂತು ಇನ್ನೊಂದು ಮಾತ್ರ ಸುತ್ತುವಾಗ, ಆ ಚಕ್ರದ ವೇಗ ಗೇರ್‌ಬಾಕ್ಸ್‌ನಿಂದ ವೇಗ ಅಳೆಯುವ ಮೀಟರ್ ತೋರಿಸುವುದರ ಎರಡರಷ್ಟು ಇರುತ್ತದೆ. ಮೀಟರ್‌ನಲ್ಲಿ 40 ಕಂಡರೆ ಚಕ್ರ 80ರ ವೇಗದಲ್ಲಿದೆ ಎಂದು ಲೆಕ್ಕ. ಆ ವೇಗದಲ್ಲಿ ಹಾರಿದ ಕಲ್ಲು ಏನು ಮಾಡಬಲ್ಲದು ಎಂದು ಬೇರೆ ಹೇಳಬೇಕಾಗಿಲ್ಲ. ಕಲ್ಲಿಡುವುದಿದ್ದರೆ ಚಕ್ರ ಪೂರ್ತಿ ನಿಂತ ಮೇಲೆ ಇಟ್ಟು, ಎಲ್ಲರೂ ಬದಿಗೆ ಸರಿದ ನಂತರವೇ ಕ್ಲಚ್ ಬಿಡಬೇಕು.

ನಿಮ್ಮ ಗಾಡಿಯಲ್ಲಿ ನಿಜವಾಗಿ ಏನಿದೆ?

ಎಲ್‌ಎಸ್‌ಡಿ ಎಂದು ಜನ ಕರೆಯುವುದು ಒಂದೇ ವಸ್ತುವನ್ನಲ್ಲ. ಕ್ಲಚ್ ಪ್ಲೇಟ್ ಮಾದರಿಯಲ್ಲಿ ಉಕ್ಕಿನ ಪ್ಲೇಟ್‌ಗಳೂ ಘರ್ಷಣೆಯ ಪ್ಲೇಟ್‌ಗಳೂ ಒಂದರ ಮೇಲೊಂದು ಜೋಡಿಸಿರುತ್ತವೆ, ಸ್ಪ್ರಿಂಗ್ ಅವನ್ನು ಸದಾ ಒತ್ತಿ ಹಿಡಿದಿರುತ್ತದೆ, ಬಲ ಬಿದ್ದಂತೆ ಆ ಒತ್ತಡ ಹೆಚ್ಚುತ್ತದೆ. ಗೇರ್ ಮಾದರಿಯಲ್ಲಿ ಪ್ಲೇಟ್‌ಗಳಿಲ್ಲ. ಓರೆ ಹಲ್ಲಿನ ಗೇರ್‌ಗಳು ಬಲ ಬಿದ್ದಾಗ ಗೋಡೆಗೆ ಒತ್ತಿಕೊಂಡು ಬಿಗಿಯಾಗುತ್ತವೆ. ಇನ್ನೊಂದು, ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಶಿಯಲ್: ಎರಡು ಚಕ್ರಗಳ ವೇಗದ ಅಂತರ ಒಂದು ಮಿತಿ ದಾಟಿದೊಡನೆ ಒಳಗಿನ ತೂಕದ ತುಂಡುಗಳು ಹೊರಚಿಮ್ಮಿ ಎರಡೂ ಚಕ್ರಗಳನ್ನು ತಾನಾಗಿಯೇ ಲಾಕ್ ಮಾಡುತ್ತವೆ. ಇವಲ್ಲದೆ ಈಚಿನ ಎಷ್ಟೋ ಗಾಡಿಗಳಲ್ಲಿರುವುದು ಸಾಮಾನ್ಯ ಡಿಫರೆನ್ಶಿಯಲ್ಲೇ. ಸುತ್ತುವ ಚಕ್ರವನ್ನು ಬ್ರೇಕಿನಿಂದ ಹಿಡಿದು ಇನ್ನೊಂದಕ್ಕೆ ಬಲ ಕಳಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದಕ್ಕೆ ಸೇರಿರುತ್ತದೆ.

ಮಾಲೀಕರ ಕೈಪಿಡಿ, ಹೌಸಿಂಗ್ ಮೇಲಿನ ಪಟ್ಟಿ, ಎಣ್ಣೆ ತುಂಬುವ ಬಿರಡೆಯ ಬಳಿಯ ಸೂಚನೆ ಇವುಗಳಿಂದ ಯಾವ ಮಾದರಿ ಎಂದು ತಿಳಿಯಿರಿ. ಹಳೆಯ ಗಾಡಿ ಕೊಂಡವರು ಮಾರಿದವರ ಬಾಯಿಮಾತನ್ನು ನೆಚ್ಚಿಕೊಳ್ಳಬಾರದು. ಕ್ರೌನನ್ನೂ ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರವಾದ ಪಿನಿಯನನ್ನೂ ಬದಲಿಸುವಾಗ ಒಳಗಿನ ಜೋಡಣೆಯನ್ನೇ ಸಾಮಾನ್ಯ ಮಾದರಿಗೆ ಬದಲಿಸಿರುವ ಸಾಧ್ಯತೆಯೂ ಇದೆ. ಎಲೆಕ್ಟ್ರಾನಿಕ್ ವ್ಯವಸ್ಥೆಯ ಗಾಡಿಯಾದರೆ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಬ್ರೇಕು ವ್ಯವಸ್ಥೆಯ ಎಬಿಎಸ್ ದೀಪ ಉರಿಯುತ್ತಿದ್ದರೆ, ಚಕ್ರದ ಸೆನ್ಸರ್‌ಗೆ ಕೆಸರು ಮೆತ್ತಿಕೊಂಡು ಅಥವಾ ಅದರ ತಂತಿ ಕಿತ್ತು ವ್ಯವಸ್ಥೆ ಸುಮ್ಮನಾಗಿರಬಹುದು. ಸೆನ್ಸರ್ ತೊಳೆದು ತಂತಿ ನೋಡುವುದಷ್ಟೇ ಆಗ ಮೊದಲ ಕೆಲಸ.

ಲಕ್ಷಣ: ಒಂದು ಚಕ್ರ ಸುತ್ತುತ್ತದೆ, ಇನ್ನೊಂದು ನಿಂತೇ ಇರುತ್ತದೆ

ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ದೋಷ ಹುಡುಕುವ ಮೊದಲು ಎಲ್‌ಎಸ್‌ಡಿಯಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬ ಲೆಕ್ಕ ತಿಳಿದಿರಬೇಕು. ಜಾರುವ ಚಕ್ರಕ್ಕೆ ನೆಲ ಕೊಡುವ ಹಿಡಿತ 200 ನ್ಯೂಟನ್ ಮೀಟರ್ ತಿರುಗುಬಲವನ್ನಷ್ಟೇ ತಡೆಯಬಲ್ಲದು ಎಂದುಕೊಳ್ಳೋಣ. ಸಾಮಾನ್ಯ ಡಿಫರೆನ್ಶಿಯಲ್ ಎರಡೂ ಕಡೆಗೆ ಸಮನಾಗಿ ಕೊಡುವುದರಿಂದ ಗಟ್ಟಿ ನೆಲದ ಚಕ್ರಕ್ಕೂ 200, ಒಟ್ಟು 400. ಪ್ಲೇಟ್‌ಗಳು 150 ನ್ಯೂಟನ್ ಮೀಟರ್ ಅಂತರವನ್ನು ಹಿಡಿಯಬಲ್ಲವಾದರೆ ಗಟ್ಟಿ ನೆಲದ ಚಕ್ರಕ್ಕೆ 350, ಒಟ್ಟು 550. ಜಾರುವ ಚಕ್ರ ತಡೆಯುವುದರ ಎರಡೂವರೆ ಪಟ್ಟನ್ನು ಇನ್ನೊಂದಕ್ಕೆ ಕಳಿಸಬಲ್ಲ ಗೇರ್ ಮಾದರಿಯಾದರೆ ಗಟ್ಟಿ ನೆಲದ ಚಕ್ರಕ್ಕೆ 500, ಒಟ್ಟು 700. ಈಗ ಜಾರುವ ಚಕ್ರ ಕೊರಕಲಿನ ಮೇಲೆ ಗಾಳಿಯಲ್ಲಿ ತೇಲುತ್ತಿದೆ ಎಂದುಕೊಳ್ಳಿ. ಸೊನ್ನೆಯ ಎರಡೂವರೆ ಪಟ್ಟು ಸೊನ್ನೆಯೇ; ಒಳಗೆ ಬಿಗಿ ಸ್ಪ್ರಿಂಗ್ ಇಲ್ಲದ ಗೇರ್ ಮಾದರಿ ಅಲ್ಲಿ ಏನನ್ನೂ ಮಾಡಲಾರದು. ಅದು ದೋಷವಲ್ಲ.

ಅಂಥ ಕಡೆ ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ಹಿಡಿದು ನಿಧಾನವಾಗಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಹೊರಬರುವುದುಂಟು. ಬ್ರೇಕು ಪ್ರತಿ ಚಕ್ರಕ್ಕೂ 100 ನ್ಯೂಟನ್ ಮೀಟರ್ ತಡೆ ಒಡ್ಡಿತೆನ್ನಿ. ತೇಲುವ ಚಕ್ರ ಆ 100ನ್ನು ತೆಗೆದುಕೊಂಡಾಗ ಇನ್ನೊಂದಕ್ಕೆ 250 ಹೋಗುತ್ತದೆ, ಅದರದೇ ಬ್ರೇಕಿನ 100 ಕಳೆದರೂ 150 ಉಳಿಯುತ್ತದೆ. ಹ್ಯಾಂಡ್‌ಬ್ರೇಕು ಹಿಂಚಕ್ರಗಳನ್ನೇ ಹಿಡಿಯುವ ಗಾಡಿಗೆ ಮಾತ್ರ ಇದು ಹೊಂದುತ್ತದೆ. ಕೆಲವೇ ಸೆಕೆಂಡು ಮಾಡಬೇಕು, ಬ್ರೇಕು ಕಾದ ವಾಸನೆ ಬಂದರೆ ಬಿಡಬೇಕು. ಈ ಉಪಾಯದಿಂದ ಗಾಡಿ ಚಲಿಸಿತೆಂದರೆ ನಿಮ್ಮ ಗೇರ್ ಮಾದರಿಯ ಎಲ್‌ಎಸ್‌ಡಿ ಬಹುತೇಕ ಆರೋಗ್ಯವಾಗಿದೆ ಎಂದೇ ತಿಳಿಯಬಹುದು.

ಈಗ ತಪಾಸಣೆ. ಮೊದಲು ಟೈರು. ಟೈರಿನ ಗೆರೆಗಳ ಆಳಕ್ಕೆ ಕಾನೂನಿನ ಮಿತಿಯನ್ನು ತೋರಿಸುವ 1.6 ಮಿಲಿಮೀಟರ್ ಗುರುತು ಟಾರ್ ರಸ್ತೆಗೆ ಸಂಬಂಧಿಸಿದ್ದು. ಜೇಡಿಮಣ್ಣಿನಲ್ಲಿ 3 ಮಿಲಿಮೀಟರ್ ಉಳಿದ ಟೈರೂ ಒಂದೇ ಸುತ್ತಿಗೆ ಮಣ್ಣು ತುಂಬಿಕೊಂಡು ನುಣ್ಣಗಾಗುತ್ತದೆ. ಗಾಳಿಯನ್ನೂ ನೋಡಿ. ಪಿಕಪ್‌ಗೆ ಹೇರು ಇರುವಾಗ ಒಂದು ಒತ್ತಡ, ಖಾಲಿ ಇರುವಾಗ ಇನ್ನೊಂದು ಒತ್ತಡ ಎಂದು ಬಾಗಿಲ ಪಟ್ಟಿಯಲ್ಲಿ ಬರೆದಿದ್ದರೂ ನಾವು ವರ್ಷವಿಡೀ ಹೇರಿನ ಒತ್ತಡದಲ್ಲೇ ಓಡಿಸುತ್ತೇವೆ. ಖಾಲಿ ಗಾಡಿಯ ಹಿಂದಿನ ಟೈರು ಆಗ ನಡುಪಟ್ಟಿಯಲ್ಲಿ ಮಾತ್ರ ನೆಲ ಮುಟ್ಟುತ್ತದೆ.

ಆಮೇಲೆ ಹೇರು. ಖಾಲಿ ಪಿಕಪ್‌ನ ಹಿಂಭಾಗ ಹಗುರ. 50 ಕಿಲೋದ ಆರು ಚೀಲ ಮರಳನ್ನು ಆಕ್ಸಲ್‌ನ ನೇರ ಮೇಲೆ ಹಾಕಿ, ಜಾರದಂತೆ ಕಟ್ಟಿ, ಅದೇ ಏರನ್ನು ಮತ್ತೆ ಹತ್ತಿಸಿ ನೋಡಿ. ಆಕ್ಸಲ್‌ನಿಂದ ಹಿಂದೆ, ಹಿಂಬಾಗಿಲ ಬಳಿ ಹಾಕಿದರೆ ಮುಂಚಕ್ರ ಹಗುರಾಗಿ ಸ್ಟಿಯರಿಂಗ್ ಕೇಳುವುದಿಲ್ಲ. 300 ಕಿಲೋ ಹಾಕಿದ ಮೇಲೆ ಗಾಡಿ ಸಲೀಸಾಗಿ ಹತ್ತಿತೆಂದರೆ ಹೌಸಿಂಗ್ ಬಿಚ್ಚುವ ಯೋಚನೆಯನ್ನು ಬಿಟ್ಟುಬಿಡಬಹುದು.

ಇಷ್ಟರಲ್ಲಿ ಕಾರಣ ಸಿಗದಿದ್ದರೆ ಮಾತ್ರ ಚಕ್ರ ಎತ್ತುವ ಪರೀಕ್ಷೆ. ಮೇಲೆ ಹೇಳಿದ ಎಚ್ಚರಿಕೆಗಳೊಡನೆ ಹಿಂದಿನ ಒಂದು ಚಕ್ರ ಎತ್ತಿ, ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕು ಬಿಟ್ಟು, ಆ ಚಕ್ರವನ್ನು ಕೈಯಿಂದ ತಿರುಗಿಸಿ. ಕ್ಲಚ್ ಪ್ಲೇಟ್ ಮಾದರಿಯಲ್ಲಿ ಅದು ಗಟ್ಟಿಯಾಗಿ ತಡೆಯಬೇಕು. ಎರಡು ಬೆರಳಿಗೆ ತಿರುಗಿತೆಂದರೆ ಪ್ಲೇಟ್ ಸವೆದಿದೆ ಅಥವಾ ಸ್ಪ್ರಿಂಗ್ ಸೋತಿದೆ. ಟಾರ್ಕ್ ರೆಂಚ್ ಇರುವ ವರ್ಕ್‌ಶಾಪ್‌ನಲ್ಲಿ ಚಕ್ರ ಕದಲುವ ಬಲವನ್ನು ಅಳೆಸಿ, ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಗೇರ್ ಮಾದರಿ ಮತ್ತು ಮೆಕ್ಯಾನಿಕಲ್ ಲಾಕಿಂಗ್ ಮಾದರಿಗಳಿಗೆ ಈ ಪರೀಕ್ಷೆಯನ್ನು ಅನ್ವಯಿಸಬಾರದು, ಏಕೆಂದರೆ ಅವು ಸರಿಯಾಗಿದ್ದಾಗಲೂ ಕೈಗೆ ಹಗುರಾಗಿ ತಿರುಗುತ್ತವೆ. ಈ ವ್ಯತ್ಯಾಸ ಗಮನಿಸದೆ ಒಳ್ಳೆಯ ಘಟಕವನ್ನು ಗುಜರಿಗೆ ಹಾಕಿಸಿದ್ದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ಲಕ್ಷಣ: ನಿಧಾನವಾಗಿ ತಿರುಗಿಸುವಾಗ ಹಿಂದಿನಿಂದ ನಡುಕ, ಕಟಕಟ ಸದ್ದು

ನನ್ನ ಗಾಡಿಯಲ್ಲೇ ಆದದ್ದು. ಸರ್ವಿಸ್ ಮುಗಿಸಿ ತಂದ ಮರುದಿನ ಬೆಳಿಗ್ಗೆ ತೋಟದ ಗೇಟಿನಲ್ಲಿ ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಒಳಗೆ ಬರುವಾಗ, ಹಿಂದಿನ ಸೀಟಿನ ಅಡಿಯಲ್ಲಿ ಯಾರೋ ಒರಟು ಕಲ್ಲಿನ ಮೇಲೆ ಹಲಗೆ ಎಳೆದಂತೆ ಗಾಡಿ ಅದುರಿತು. ನೇರ ರಸ್ತೆಯಲ್ಲಿ ಸದ್ದಿಲ್ಲ, ವೇಗದ ತಿರುವಿನಲ್ಲೂ ಇಲ್ಲ. ನಡಿಗೆಯ ವೇಗದ ಬಿಗಿ ತಿರುವಿನಲ್ಲಿ ಮಾತ್ರ. ಎಣ್ಣೆ ಬದಲಿಸಿದವರನ್ನು ವಿಚಾರಿಸಿದಾಗ, "ಹಳೇ ಗಾಡಿ ಅಲ್ವಾ ಸಾರ್, ಗಟ್ಟಿ ಇರ್ಲಿ ಅಂತ 140 ನಂಬರ್ ಹಾಕಿದೀವಿ" ಎಂದರು. ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಕ್ಲಚ್ ಪ್ಲೇಟ್ ಮಾದರಿಗೆ ಬರಿಯ ಗೇರ್ ಆಯಿಲ್ ಸಾಲದು. ತಿರುವಿನಲ್ಲಿ ಪ್ಲೇಟ್‌ಗಳು ನುಣ್ಣಗೆ ಜಾರಲು ಘರ್ಷಣೆಯನ್ನು ಹದಗೊಳಿಸುವ ಅಂಶ ಎಣ್ಣೆಯಲ್ಲಿರಬೇಕು. ಇಲ್ಲದಿದ್ದರೆ ಪ್ಲೇಟ್‌ಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಡಬ್ಬಿಯ ಮೇಲೆ ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆ ಇದ್ದರೆ ಸಾಲದು, ಲಿಮಿಟೆಡ್ ಸ್ಲಿಪ್‌ಗೆ ಸೂಕ್ತ ಎಂದು ಸ್ಪಷ್ಟವಾಗಿ ಬರೆದಿರಬೇಕು. 80ಡಬ್ಲ್ಯು-90 ಅಥವಾ ಬೇರೆ ಯಾವ ದಪ್ಪ ಎಂಬುದನ್ನು ಕೈಪಿಡಿ ಹೇಳುತ್ತದೆ.

ಎಣ್ಣೆ ಬದಲಿಸುವಾಗ ತುಂಬುವ ಬಿರಡೆಯನ್ನು ಮೊದಲು ಸಡಿಲಿಸಿ, ಆಮೇಲೆ ಕೆಳಗಿನ ಬಿರಡೆ ತೆಗೆಯಿರಿ. ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನ ಬಿರಡೆ ತುಕ್ಕು ಹಿಡಿದು ಬರಲಿಲ್ಲವೆಂದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಕೆಳಗಿನ ಬಿರಡೆಯ ಆಯಸ್ಕಾಂತಕ್ಕೆ ಅಂಟಿದ್ದನ್ನು ಬೆರಳಿನಲ್ಲಿ ಉಜ್ಜಿ ನೋಡಿ: ವಿಭೂತಿಯಂತೆ ನುಣುಪಾದ ಬೂದು ಲೇಪ ಸಹಜ ಸವೆತ, ಉಗುರಿಗೆ ತಾಗುವ ಚೂರು, ಹೊಳೆಯುವ ಹಾಳೆ, ಹಲ್ಲಿನ ತುಂಡು ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಹೊಸ ಎಣ್ಣೆಯನ್ನು ಸಮತಟ್ಟು ನೆಲದಲ್ಲಿ, ಬಿರಡೆಯ ತೂತಿನ ಕೆಳ ಅಂಚಿಗೆ ತಾಗುವ ತನಕ ತುಂಬಬೇಕು. ನಮ್ಮ ಅಂಗಳಗಳಲ್ಲಿ ಸಮತಟ್ಟು ಜಾಗ ಎಂದರೆ ಕಾಫಿ ಕಣ ಒಂದೇ, ಅಲ್ಲಿಯೇ ಮಾಡಿ, ಕಾಂಕ್ರೀಟಿಗೆ ಎಣ್ಣೆ ಬೀಳದಂತೆ ಅಡಿಯಲ್ಲಿ ಟಾರ್ಪಾಲು ಹಾಸಿ.

ಬಳಿಕ ಅದೇ ಕಣದಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು ಹಾಕಿದರೆ ಎಣ್ಣೆ ಪ್ಲೇಟ್‌ಗಳ ನಡುವೆ ಇಳಿಯುತ್ತದೆ. ನನ್ನ ಗಾಡಿಯ ನಡುಕ ಎರಡನೆಯ ದಿನಕ್ಕೆ ನಿಂತಿತು. ನಿಲ್ಲದಿದ್ದರೆ ಪ್ರತ್ಯೇಕವಾಗಿ ಸಿಗುವ ಫ್ರಿಕ್ಷನ್ ಮಾಡಿಫೈಯರ್ ದ್ರವವನ್ನು, ಸೂಚಿಸಿದ ಪ್ರಮಾಣದ ಅರ್ಧವನ್ನಷ್ಟೇ ಮೊದಲು ಸೇರಿಸಿ ನೋಡಿ. ಹೆಚ್ಚು ಸುರಿದರೆ ನಡುಕದ ಜೊತೆಗೆ ಹಿಡಿತವೂ ಹೋಗುತ್ತದೆ, ಮತ್ತೆ ಮೊದಲನೆಯ ಲಕ್ಷಣಕ್ಕೇ ಬಂದು ನಿಲ್ಲುತ್ತೀರಿ. ಗೇರ್ ಮಾದರಿಗೆ ಈ ದ್ರವ ಬೇಕಾಗಿಲ್ಲ. ಎಣ್ಣೆ ಸರಿಯಿದ್ದೂ ನಡುಕ ವಾರಗಟ್ಟಲೆ ಉಳಿದರೆ ಪ್ಲೇಟ್‌ಗಳು ಸುಟ್ಟು ಗಾಜಿನಂತಾಗಿವೆ ಎಂದರ್ಥ.

ಲಕ್ಷಣ: ಪ್ಲೇಟ್‌ಗಳು ಪದೇ ಪದೇ ಸವೆಯುತ್ತವೆ, ಹೌಸಿಂಗ್ ಬಿಸಿಯಾಗುತ್ತದೆ

ಎರಡು ಹಿಂದಿನ ಟೈರುಗಳ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. ಒಂದು ಪಂಕ್ಚರ್ ಆಗಿ ಹೊಸ ಸ್ಟೆಪ್ನಿ ಹಾಕಿ ಹಾಗೇ ಬಿಟ್ಟ ಗಾಡಿಗಳಲ್ಲಿ ಈ ತೊಂದರೆ ಸಾಮಾನ್ಯ. ಟೈರಿನ ಗೆರೆಗಳ ಆಳದಲ್ಲಿ 5 ಮಿಲಿಮೀಟರ್ ವ್ಯತ್ಯಾಸವೆಂದರೆ ವ್ಯಾಸದಲ್ಲಿ 10. 700 ಮಿಲಿಮೀಟರ್ ವ್ಯಾಸದ ಟೈರಿನ ಜೊತೆಗೆ 690ರದ್ದು ಓಡಿದರೆ ಕಿಲೋಮೀಟರಿಗೆ ಸುಮಾರು ಆರೂವರೆ ಸುತ್ತಿನ ಅಂತರ ಬೀಳುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ನೇರ ರಸ್ತೆಯಲ್ಲೇ ಎರಡು ಚಕ್ರಗಳ ನಡುವೆ 250ಕ್ಕೂ ಹೆಚ್ಚು ಸುತ್ತಿನ ಅಂತರ ಬಿದ್ದು, ಆ ಪ್ಲೇಟ್‌ಗಳು ದಾರಿಯುದ್ದಕ್ಕೂ ಒಂದರ ಮೇಲೊಂದು ತೇಯುತ್ತವೆ. ಒಂದೇ ಕಂಪನಿಯ, ಒಂದೇ ಅಳತೆಯ, ಒಂದೇ ಸವೆತದ ಟೈರುಗಳು ಒಂದೇ ಆಕ್ಸಲ್‌ನಲ್ಲಿರಲಿ. ಒಂದು ಕಡೆ ರಿಸೋಲ್, ಇನ್ನೊಂದು ಕಡೆ ಹೊಸದು ಖಂಡಿತ ಬೇಡ.

ಲಕ್ಷಣ: ಚಕ್ರ ಸುತ್ತಿದೊಡನೆ ಹಿಂದೆ "ಠಕ್" ಎಂಬ ಏಟು

ಮೆಕ್ಯಾನಿಕಲ್ ಲಾಕಿಂಗ್ ಮಾದರಿಯಲ್ಲಿ, ಜಾರು ನೆಲದಲ್ಲಿ ಚಕ್ರ ಸುತ್ತಲು ಆರಂಭಿಸಿದ ಕ್ಷಣದಲ್ಲಿ ಒಮ್ಮೆ ಕೇಳುವ ಏಟು ಲಾಕ್ ಬಿದ್ದ ಸದ್ದು, ಅದು ಇರಬೇಕಾದದ್ದೇ. ಈ ಮಾದರಿಗೆ ಚಕ್ರ ಸ್ವಲ್ಪ ಸುತ್ತುವುದು ಅಗತ್ಯ, ಸುತ್ತಿದೊಡನೆ ಹೆದರಿ ಕಾಲು ತೆಗೆದುಬಿಡುವವರಿಗೆ ಲಾಕ್ ಎಂದೂ ಬೀಳುವುದಿಲ್ಲ. ಹಾಗೆಂದು ಪೂರ್ತಿ ಒತ್ತಿ ಚಕ್ರವನ್ನು ಬಿರುಸಾಗಿ ತಿರುಗಿಸಿದಾಗ ಲಾಕ್ ಬಿದ್ದರೆ ಒಳಗಿನ ಭಾಗಗಳು ಮುರಿಯುತ್ತವೆ. ಒಂದೇ ಹದದಲ್ಲಿ, ಮೆಲ್ಲಗೆ.

ಗಟ್ಟಿ ರಸ್ತೆಯಲ್ಲಿ, ಗೇರ್ ಬದಲಿಸುವಾಗ ಅಥವಾ ಮುಂದೆ ಹಿಂದೆ ಮಾಡುವಾಗ ಏಟು ಕೇಳಿದರೆ ಸಂಶಯಿಸಬೇಕಾದದ್ದು ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಗಿಸಿ ನೋಡಿ. ಕ್ರಾಸ್‌ನ ಬಳಿ ಆಟ ಕಂಡರೆ ಕಡಿಮೆ ಖರ್ಚಿನಲ್ಲಿ ಮುಗಿಯಿತು.

ಲಕ್ಷಣ: ಎಣ್ಣೆ ಹಾಲಿನಂತಾಗಿದೆ, ಚಕ್ರದ ಒಳಬದಿಯಲ್ಲಿ ಎಣ್ಣೆ ಇಳಿದಿದೆ

ಹಳ್ಳ ದಾಟುವ ಗಾಡಿಗಳಿಗೆ ಇದು ಬಹಳ ಮುಖ್ಯ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಹೌಸಿಂಗ್‌ಗೆ ಗಾಳಿಯಾಡುವ ಕಿಂಡಿ) ಅಥವಾ ಸೀಲಿನ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆ ದಿನವೇ ಬದಲಿಸಿ, ಎರಡು ಮೂರು ದಿನ ಓಡಿಸಿ ಮತ್ತೊಮ್ಮೆ ನೋಡಿ. ಹೌಸಿಂಗ್ ಮೇಲಿನ ಬ್ರೀದರ್‌ಗೆ ಕೆಸರು ಕಟ್ಟಿಕೊಂಡರೆ ಇದಕ್ಕೆ ತಿರುಗುಮುರುಗಾಗಿ, ಬಿಸಿ ಗಾಳಿ ಹೊರಹೋಗಲಾರದೆ ಸೀಲಿನಿಂದ ಎಣ್ಣೆಯನ್ನು ಹೊರದಬ್ಬುತ್ತದೆ, ಅದು ಬ್ರೇಕಿನ ಲೈನಿಂಗ್ ಮೇಲೆ ಇಳಿಯುತ್ತದೆ. ಲೈನಿಂಗ್‌ಗೆ ಎಣ್ಣೆ ತಾಗಿದ ಗಾಡಿಯಲ್ಲಿ ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿಯಬೇಡಿ; ಸೀಲು ಮತ್ತು ಲೈನಿಂಗ್ ಬದಲಿಸುವ ತನಕ ಗಾಡಿ ಶೆಡ್ಡಿನಲ್ಲೇ ಇರಲಿ.

ಲಕ್ಷಣ: ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ

ಸರಿಯಾಗಿ ಕೆಲಸ ಮಾಡುವ ಎಲ್‌ಎಸ್‌ಡಿಯೇ ಇದಕ್ಕೆ ಕಾರಣವಾಗಬಹುದು. ಸಾಮಾನ್ಯ ಡಿಫರೆನ್ಶಿಯಲ್‌ನಲ್ಲಿ ಒಂದು ಚಕ್ರ ಸುತ್ತಿದರೂ ಸುತ್ತದೆ ಉರುಳುವ ಇನ್ನೊಂದು ಗಾಡಿಯ ಬಾಲವನ್ನು ಸಾಲಿನಲ್ಲಿ ಹಿಡಿದಿಡುತ್ತದೆ. ಎಲ್‌ಎಸ್‌ಡಿ ಎರಡನ್ನೂ ಒಟ್ಟಿಗೆ ಸುತ್ತಿಸಿದಾಗ ಆ ಆಸರೆ ತಪ್ಪಿ, ರಸ್ತೆ ಯಾವ ಕಡೆಗೆ ವಾಲಿದೆಯೋ ಆ ಕಡೆಗೆ ಬಾಲ ಇಳಿಯುತ್ತದೆ. ಪಾಚಿ ಕಟ್ಟಿದ ಕಾಂಕ್ರೀಟ್ ಏರಿನಲ್ಲಿ, ಖಾಲಿ ಗಾಡಿಯಲ್ಲಿ ಇದು ಬೇಗ ಆಗುತ್ತದೆ. ಬ್ರೇಕು ತುಳಿಯದೆ ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ಹಿಂತೆಗೆಯಿರಿ, ಮುಂದಿನ ಸಲ ಒಂದು ಗೇರ್ ಮೇಲಿನದರಲ್ಲಿ ಹತ್ತಿಸಿ. ಟಿಪ್ಪರ್, ಲಾರಿಗಳಲ್ಲಿ ಚಾಲಕ ಗುಂಡಿ ಒತ್ತಿ ಹಾಕುವ ಡಿಫರೆನ್ಶಿಯಲ್ ಲಾಕ್‌ಗೂ ಇದೇ ಎಚ್ಚರಿಕೆ ಬೇಕು: ಚಕ್ರ ನಿಂತಿರುವಾಗ ಹಾಕಿ, ಗಟ್ಟಿ ನೆಲಕ್ಕೆ ಬಂದೊಡನೆ ಮತ್ತು ತಿರುವಿಗೆ ಮೊದಲು ತೆಗೆಯಿರಿ.

ಕೈ ಬಿಟ್ಟು ನುರಿತವರ ಬಳಿ ಹೋಗಬೇಕಾದ ಹೊತ್ತು

ಆಯಸ್ಕಾಂತದಲ್ಲಿ ಲೋಹದ ತುಂಡು ಸಿಕ್ಕರೆ, ವೇಗ ಹೆಚ್ಚಿದಂತೆ ಏರುವ ಊಳಿಡುವ ಸದ್ದು ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೇಳಿದರೆ, ಪಿನಿಯನ್ ಸೀಲಿನ ಬಳಿ ಶಾಫ್ಟ್ ಮೇಲೆ ಕೆಳಗೆ ಆಡಿದರೆ, ಅಥವಾ ನೇರ ಒಣ ರಸ್ತೆಯಲ್ಲೂ ಹಿಂಚಕ್ರಗಳು ಲಾಕ್ ಆದಂತೆ ಕಿರುಚಿದರೆ ಮನೆಯ ತಪಾಸಣೆ ಅಲ್ಲಿಗೆ ಮುಗಿಯಿತು. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ತಾಗುವ ಗುರುತು ನೋಡಿ, ಶಿಮ್ ಎಂಬ ತೆಳು ಬಿಲ್ಲೆ ಹಾಕಿ ಹೊಂದಿಸಬಲ್ಲವರಿಗೆ ಮಾತ್ರ ಹೌಸಿಂಗ್ ಬಿಚ್ಚಲು ಕೊಡಿ. ಡಯಲ್ ಗೇಜ್ ತೋರಿಸಿ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಯಾವ ಮಾದರಿಯ ಎಲ್‌ಎಸ್‌ಡಿ, ಯಾವ ಎಣ್ಣೆ ಹಾಕಿತ್ತು, ಯಾವ ತಿರುವಿನಲ್ಲಿ ಯಾವ ವೇಗದಲ್ಲಿ ಲಕ್ಷಣ ಕಂಡಿತು, ಹೇರು ಎಷ್ಟಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಅವರಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಹೊಸ ಪ್ಲೇಟ್ ಹಾಕುವುದಾದರೆ ಜೋಡಿಸುವ ಮೊದಲು ಅವನ್ನು ಅದೇ ಎಣ್ಣೆಯಲ್ಲಿ ನೆನೆಹಾಕಿದ್ದಾರೆಯೇ ಎಂದು ಕೇಳಿ. ಒಣ ಪ್ಲೇಟ್ ಮೊದಲ ತಿರುವಿನಲ್ಲೇ ಸುಡುತ್ತದೆ. ಕ್ರೌನ್ ಪಿನಿಯನ್ ಕೂಡ ಹೊಸದಾದರೆ ಮೊದಲ 800 ಕಿಲೋಮೀಟರ್ ಹೇರನ್ನು ಮಿತವಾಗಿಟ್ಟು ಓಡಿಸಿ, ಆ ಎಣ್ಣೆಯನ್ನು ಒಮ್ಮೆ ಇಳಿಸಿ, ಆಯಸ್ಕಾಂತ ಒರೆಸಿ, ಹೊಸದು ತುಂಬಿಸಿ.